ಹಸಿದ ಪರಾಗ

ನಾದಿನಿ ಅತ್ತಿಗೆಯ ಜೊತೆ ಮಾತು ಬಿಟ್ಟು ಮೂರು ವರ್ಷವಾಗಿತ್ತು. ಇಬ್ಬರಿಗೂ ಕೆಲಸ ಒಂದೇ ಬೀಜದ ಕಂಪನಿಯಲ್ಲಿ. ಒಂದೇ ಗೇಟಿನಿಂದ ಒಳಗೆ ಬರಬೇಕು, ಒಂದೇ ನಲ್ಲಿಯಲ್ಲಿ ಕೈ ತೊಳೆಯಬೇಕು. ಆದರೂ ಏನಾದರೂ ಹೇಳುವುದಿದ್ದರೆ ನಾದಿನಿ ಪಕ್ಕದಲ್ಲಿದ್ದವರ ಕಡೆ ತಿರುಗಿ, "ಅವರಿಗೆ ಸ್ವಲ್ಪ ಹೇಳಿ" ಎನ್ನುತ್ತಿದ್ದಳು, 'ಅವರು' ಎರಡು ಮೊಳ ದೂರದಲ್ಲೇ ನಿಂತಿದ್ದರೂ. ಅಂಥವಳು ಆ ಮಂಗಳವಾರ ಬೆಳಿಗ್ಗೆ ಲ್ಯಾಬಿನ ಬಾಗಿಲನ್ನು ಮೊಣಕೈಯಿಂದ ತಳ್ಳಿಕೊಂಡು ನೇರ ಒಳಗೆ ಬಂದು, ಏಪ್ರನ್ನಿನಲ್ಲಿ ಕಟ್ಟಿ ತಂದಿದ್ದನ್ನು ಮೈಕ್ರೋಸ್ಕೋಪಿನ ಪಕ್ಕದಲ್ಲೇ ಸುರಿದಳು.

ಹೂಗಳು. ಬಣ್ಣಗೆಟ್ಟು ಮುರುಟಿಹೋದ ಟೊಮೆಟೊ ಹೂಗಳು, ನೂರಾರು. ಒಂದೊಂದರ ತೊಟ್ಟಿಗೂ ಕೆಂಪು ದಾರದ ಗಂಟು.

"ನೋಡಿ ಅತ್ತಿಗೆ. ಮೂರನೇ ತಾರೀಕಿನಿಂದ ಒಂಬತ್ತರವರೆಗೆ ನಾವು ಪುಡಿ ಮುಟ್ಟಿಸಿದ ಹೂವು ಇವು. ನೆಟ್ಟಗೆ ಒಂದು ಕಾಯಿ ಕಚ್ಚಿಲ್ಲ. ಮ್ಯಾನೇಜರು ಏನಂತಾರೆ ಗೊತ್ತಾ? ನಮ್ಮ ಕೈ ಸರಿ ಇಲ್ಲವಂತೆ. ನಾವು ಮೈಗಳ್ಳರಂತೆ. ಗುರುವಾರ ಹೆಡ್ ಆಫೀಸಿನವರು ಬರ್ತಾರೆ, ಮೂವತ್ತೊಂದು ಜನಾನೂ ಮನೆಗೆ ಕಳಿಸ್ತಾರಂತೆ."

"ಅಂತೂ ಮಾತಾಡಿದೆಯಲ್ಲ," ಎಂದಳು ಅತ್ತಿಗೆ.

"ನಿಮ್ಮ ಹತ್ತಿರ ಅಲ್ಲ. ಲ್ಯಾಬಿನ ಹತ್ತಿರ ಮಾತಾಡ್ತಾ ಇರೋದು."

ಅತ್ತಿಗೆಗೆ ಕಂಪನಿಯಲ್ಲಿ ಎಲ್ಲರೂ ಲ್ಯಾಬಕ್ಕ ಎನ್ನುತ್ತಿದ್ದರು. ವಯಸ್ಸು ಐವತ್ತೆರಡು. ಗಾಜಿನ ಸಾಮಾನು ತೊಳೆಯುವ ಕೆಲಸಕ್ಕೆಂದು ಬಂದು, ತೊಳೆಯುತ್ತ ತೊಳೆಯುತ್ತ ಮೈಕ್ರೋಸ್ಕೋಪಿನಲ್ಲಿ ಇಣುಕಿ, ಇಣುಕುತ್ತ ಇಣುಕುತ್ತ ಕೆಲಸ ಕಲಿತು, ಈಗ ಇಪ್ಪತ್ತಾರು ವರ್ಷಗಳಿಂದ ಆ ಕುರ್ಚಿಯಲ್ಲೇ ಕುಳಿತವಳು. ಪದವಿ ಇಲ್ಲ, ಕಣ್ಣಿದೆ. ಇದ್ದದ್ದನ್ನು ಇದ್ದ ಹಾಗೆ ಹೇಳುವ ಅಭ್ಯಾಸವೂ ಇದೆ. ನಾದಿನಿಯ ಜೊತೆ ಮಾತು ಕೆಟ್ಟದ್ದೂ ಅದರಿಂದಲೇ. ಮೇಲ್ವಿಚಾರಕಿಯ ಹುದ್ದೆಗೆ ನಾದಿನಿಯ ಹೆಸರು ಬಂದಾಗ, ಹೇಗೆ ಎಂದು ಕೇಳಿದವರಿಗೆ ಲ್ಯಾಬಕ್ಕ, "ಕೆಲಸದಲ್ಲಿ ಅವಳನ್ನು ಮೀರಿಸೋರಿಲ್ಲ. ಬಾಯಿ ಮಾತ್ರ ಸ್ವಲ್ಪ ಜೋರು," ಎಂದಿದ್ದಳು. ಕೇಳಿದವರ ಕಿವಿಗೆ ಬಿದ್ದದ್ದು ಎರಡನೆಯ ಮಾತೊಂದೇ. ಹುದ್ದೆ ತಪ್ಪಿತು.

ಅಲ್ಲಿ ತಯಾರಾಗುತ್ತಿದ್ದುದು ಎರಡು ತಳಿಗಳನ್ನು ಕೂಡಿಸಿದ ಟೊಮೆಟೊ ಬೀಜ. ಸಾಲಾಗಿ ಆರು ಗಾಜಿನ ಮನೆಗಳು. ಪರಾಗ ಕೊಡುವ ಗಿಡಗಳಿದ್ದ ಮೊದಲನೆಯದಕ್ಕೆ 'ಗಂಡಿನ ಮನೆ' ಎಂದೂ, ಕಾಯಿ ಹೊರುವ ಗಿಡಗಳಿದ್ದ ಉಳಿದ ಐದಕ್ಕೆ 'ಹೆಣ್ಣಿನ ಮನೆ' ಎಂದೂ ಹೆಂಗಸರೇ ಹೆಸರಿಟ್ಟಿದ್ದರು. ಹೆಣ್ಣಿನ ಮನೆಯ ಮೊಗ್ಗು ಬಿರಿಯುವ ಮುಂಚೆಯೇ ಅದರೊಳಗಿನ ಕೇಸರಗಳನ್ನು ಚಿಮಟದಿಂದ ಕಿತ್ತು ತೆಗೆಯಬೇಕು. ಮರುದಿನ, ಗಂಡಿನ ಮನೆಯಿಂದ ಬಂದ ಹಳದಿ ಪುಡಿಯನ್ನು ಬೆರಳಿನ ಉಂಗುರದ ಪುಟ್ಟ ಬಟ್ಟಲಿಗೆ ತುಂಬಿಕೊಂಡು, ಹೂವಿನ ನಡುವೆ ನಿಂತ ಹಸಿರು ಕಡ್ಡಿಯ ತುದಿಯನ್ನು ಅದರಲ್ಲಿ ಅದ್ದಬೇಕು. ಆಮೇಲೆ ಆ ವಾರದ ಬಣ್ಣದ ದಾರ ಕಟ್ಟಬೇಕು. ಇಡೀ ದಿನ ನಿಂತೇ ಮಾಡುವ ಕೆಲಸ. ನಾದಿನಿ ಒಂದು ದಿನಕ್ಕೆ ಒಂದು ಸಾವಿರ ಹೂವು ಮುಗಿಸುತ್ತಿದ್ದಳು, ಜೊತೆಗೆ ಇಡೀ ಮನೆಗೆ ಕೇಳುವಂತೆ ಜಗಳವನ್ನೂ ಆಡುತ್ತಿದ್ದಳು.

"ಹತ್ತನೇ ತಾರೀಕಿನಿಂದ ನೀಲಿ ದಾರ," ಎಂದಳು ನಾದಿನಿ. "ನೀಲಿ ದಾರದ್ದೆಲ್ಲ ಬಟಾಣಿ ಗಾತ್ರ ಕಾಯಿ ಬಿಟ್ಟಿದೆ. ಅದೇ ಕೈ, ಅದೇ ಚಿಮಟ. ಆ ಏಳು ದಿನ ನಮ್ಮ ಕೈಗೇನು ಲಕ್ವ ಹೊಡೆದಿತ್ತಾ?"

ಲ್ಯಾಬಕ್ಕ ಒಂದು ಹೂವನ್ನೆತ್ತಿ ಅದರ ಕೆಂಪು ಗಂಟು ನೋಡಿದಳು. ಪ್ರತಿದಿನದ ಪರಾಗ ಹೆಂಗಸರ ಕೈಗೆ ಹೋಗುವ ಮುಂಚೆ ಅವಳ ಮೇಜಿಗೆ ಬರುತ್ತಿತ್ತು. ನಿಯಮದ ಪ್ರಕಾರ ಒಂದು ಚಿಟಿಕೆಗೆ ಕೆಂಪು ಬಣ್ಣ ಹಾಕಿ ನೋಡಬೇಕು. ಕಣಗಳು ಕೆಂಪಗಾದರೆ ಜೀವ ಇದೆ ಎಂದು ಬರೆದು ಸಹಿ ಹಾಕಬೇಕು. ಐದು ನಿಮಿಷದ ಕೆಲಸ. ಆ ಏಳು ದಿನವೂ ಕಣಗಳು ಚೆನ್ನಾಗಿಯೇ ಕೆಂಪಗಾಗಿದ್ದವು. ಏಳು ದಿನವೂ ಅವಳು ಸಹಿ ಹಾಕಿದ್ದಳು.

ನಾದಿನಿ ಹೋದ ಮೇಲೆ ಫ್ರಿಜ್ಜಿನಿಂದ ಆ ದಿನಗಳ ಶೀಶೆಗಳನ್ನು ತೆಗೆದಳು. ಅದರ ಹಿಂದಿನ ಮತ್ತು ಮುಂದಿನ ದಿನಗಳವನ್ನೂ ತೆಗೆದಳು. ಈ ಸಲ ಬಣ್ಣ ಹಾಕಲಿಲ್ಲ. ಗಾಜಿನ ಪಟ್ಟಿಗಳ ಮೇಲೆ ಸಕ್ಕರೆ ನೀರಿನ ಹನಿಗಳನ್ನಿಟ್ಟು, ಒಂದೊಂದಕ್ಕೂ ಒಂದೊಂದು ದಿನದ ಪರಾಗ ಉದುರಿಸಿ, ಒದ್ದೆ ಕಾಗದ ಹಾಸಿದ ತಟ್ಟೆಯಲ್ಲಿ ಮುಚ್ಚಿಟ್ಟಳು. ಇದು ಹಳೆಯ ಪರೀಕ್ಷೆ. ಎರಡು ಗಂಟೆ ಕಾಯಬೇಕು. ಅಷ್ಟು ಪುರುಸೊತ್ತು ಯಾರಿಗಿದೆ ಎಂದು ಆರು ವರ್ಷದ ಹಿಂದೆ ಇದನ್ನು ಕೈಬಿಟ್ಟು ಕೆಂಪು ಬಣ್ಣ ತಂದಿದ್ದರು. ಆಗ ಲ್ಯಾಬಕ್ಕ ಒಮ್ಮೆ ಗೊಣಗಿ ಸುಮ್ಮನಾಗಿದ್ದಳು.

ಎರಡು ಗಂಟೆಯ ನಂತರ ನೋಡಿದರೆ, ಹಿಂದಿನ ತಿಂಗಳ ಮೂವತ್ತನೇ ತಾರೀಕಿನ ಕಣಗಳೆಲ್ಲ ಬಾಲ ಬಿಟ್ಟಿದ್ದವು. ಕೂದಲಿಗಿಂತ ಸಣ್ಣ, ಪಾರದರ್ಶಕ ನಳಿಗೆಗಳು ಹನಿಯ ತುಂಬ ಹೆಣೆದುಕೊಂಡಿದ್ದವು. ಹನ್ನೊಂದರದ್ದೂ ಹಾಗೆಯೇ. ಆದರೆ ಮೂರರಿಂದ ಒಂಬತ್ತರವರೆಗಿನ ಏಳು ಹನಿಗಳಲ್ಲಿ ಕಣಗಳು ಮರಳಿನ ಹಾಗೆ ಬಿದ್ದುಕೊಂಡಿದ್ದವು. ನೂರಕ್ಕೆ ನಾಲ್ಕೈದು ಕಣ್ಣು ಬಿಟ್ಟ ಹಾಗೆ ಮಾಡಿ, ಅಲ್ಲಿಗೇ ನಿಂತಿದ್ದವು.

ಕಪಾಟಿನ ತುದಿಯಲ್ಲಿ ಅವಳದೇ ಒಂದು ಸಂಗ್ರಹವಿತ್ತು. ಪ್ರತಿ ಸೋಮವಾರ, ಇನ್ನು ಮೂರು ದಿನಕ್ಕೆ ಅರಳುವ ನಾಲ್ಕು ಮೊಗ್ಗುಗಳನ್ನು ಗಂಡಿನ ಮನೆಯಿಂದ ಕಿತ್ತು ಸ್ಪಿರಿಟ್ಟಿನಲ್ಲಿ ಹಾಕಿಡುವುದು. ಯಾರೂ ಹೇಳಿದ್ದಲ್ಲ. ಟೊಮೆಟೊ ಪರಾಗದಲ್ಲಿ ಪಿಷ್ಟ ತುಂಬಿ ತುಳುಕುವುದು ಅರಳುವುದಕ್ಕೆ ಮೂರು ದಿನ ಮುಂಚೆ; ಅರಳುವ ಹೊತ್ತಿಗೆ ಅದೆಲ್ಲ ಕರಗಿ ಸಕ್ಕರೆಯಾಗಿರುತ್ತದೆ. ಅದನ್ನು ಕಣ್ಣಾರೆ ನೋಡುವುದು ಅವಳಿಗೊಂದು ಖುಷಿ, ಅಷ್ಟೆ. ನಿನ್ನೆಯ, ಅಂದರೆ ಹದಿನೆಂಟನೇ ತಾರೀಕಿನ ಬಾಟಲಿಯಿಂದ ಒಂದು ಮೊಗ್ಗು ತೆಗೆದು ಒಳಗಿನ ಕಣಗಳಿಗೆ ಅಯೋಡಿನ್ ಹಾಕಿದಳು. ಶಾಯಿ ಚೆಲ್ಲಿದ ಹಾಗೆ ಕಪ್ಪಾದವು. ನಾಲ್ಕನೇ ತಾರೀಕಿನದಕ್ಕೆ ಹಾಕಿದಳು. ತಿಳಿ ಟೀ ಬಣ್ಣ. ಒಳಗೆ ಏನೂ ಇರಲಿಲ್ಲ.

ಪರಾಗದ ಹೊಟ್ಟೆ ತುಂಬದೆ ಹೋಗುವುದಕ್ಕೆ ಕಾರಣ ಒಂದೇ ಎಂದು ಇಪ್ಪತ್ತಾರು ವರ್ಷದ ಅನುಭವ ಅವಳಿಗೆ ಹೇಳಿತು. ಸೆಕೆ. ಅದೂ ಹೂವು ಅರಳುವ ದಿನದ್ದಲ್ಲ, ಮೊಗ್ಗು ಇನ್ನೂ ಅಕ್ಕಿಕಾಳಿನಷ್ಟಿದ್ದಾಗಿನ ಸೆಕೆ. ಬೆರಳು ಮಡಚಿ ಹತ್ತು ದಿನ ಹಿಂದಕ್ಕೆ ಎಣಿಸಿದಳು. ಹಿಂದಿನ ತಿಂಗಳ ಇಪ್ಪತ್ತನಾಲ್ಕರಿಂದ ಮೂವತ್ತು.

ಫಿಟ್ಟರ್ ಷೆಡ್ಡಿನಲ್ಲಿ ಪಂಪು ಬಿಚ್ಚಿಕೊಂಡು ಕೂತಿದ್ದ. ಅವಳ ಪ್ರಶ್ನೆ ಕೇಳಿ ಸ್ಪ್ಯಾನರ್ ಕೆಳಗಿಟ್ಟ.

"ನಿಮಗೆ ಹೇಗೆ ಗೊತ್ತಾಯ್ತು ಲ್ಯಾಬಕ್ಕ? ಆ ಏಳು ದಿನ ಗಂಡಿನ ಮನೆ ಫ್ಯಾನು ನಿಂತಿತ್ತು. ಮೋಟಾರು ಸುಟ್ಟುಹೋಗಿತ್ತು. ಬಾಯಿ ಬಿಟ್ಟರೆ ಕೆಲಸ ಹೋಗುತ್ತೆ ಅಂದಿದ್ದಾರೆ."

"ಕೆಟ್ಟರೆ ಬೇಕು ಅಂತ ಇಟ್ಟ ಬಿಡಿ ಮೋಟಾರು ಒಂದಿತ್ತಲ್ಲ?"

"ಇತ್ತು." ಫಿಟ್ಟರ್ ಕಿಟಕಿಯಾಚೆ ಆಫೀಸಿನ ಕಡೆ ಗದ್ದ ಚಾಚಿ ತೋರಿಸಿದ. "ಅದು ಸಾಹೇಬರ ಕೋಣೆ ತಂಪು ಮಾಡ್ತಾ ಇದೆ."

*

ಬುಧವಾರ ಬೆಳಿಗ್ಗೆ ಅವಳು ಮ್ಯಾನೇಜರನ ಕೋಣೆಗೆ ಹೋದಳು. ಅಲ್ಲಿ ನಿಜವಾಗಿಯೂ ತಂಪಾಗಿತ್ತು. ಮ್ಯಾನೇಜರ್ ಕೆಟ್ಟ ಮಾತಿನವನಲ್ಲ. ನಗುನಗುತ್ತ ಕುರ್ಚಿ ತೋರಿಸಿ ಪೂರ್ತಿ ಕೇಳಿದ. ಆಮೇಲೆ ಡ್ರಾಯರಿನಿಂದ ಏಳು ಹಾಳೆಗಳನ್ನು ತೆಗೆದು ಮೇಜಿನ ಮೇಲೆ ಬೀಸಣಿಗೆಯ ಹಾಗೆ ಹರಡಿದ.

"ಈ ಸಹಿ ಯಾರದ್ದು?"

"ನನ್ನದು."

"ಪರಾಗ ಚೆನ್ನಾಗಿದೆ ಅಂತ ಬರೆದೋರು ನೀವೇ, ಚೆನ್ನಾಗಿರಲಿಲ್ಲ ಅಂತ ಬಂದೋರೂ ನೀವೇ. ನಾಳೆ ಬರೋ ಮೇಡಮ್ಮು ಇದನ್ನ ನೋಡಿದರೆ ಮೊದಲು ಯಾರನ್ನ ಕಳಿಸ್ತಾರೆ ಹೇಳಿ? ರಿಟೈರ್ ಆಗೋಕೆ ಇನ್ನು ಆರು ವರ್ಷ. ಯಾಕೆ ಬೇಕು ನಿಮಗೆ ಇಲ್ಲದ ಉಸಾಬರಿ?" ಎಂಟನೆಯ ಹಾಳೆಯೊಂದನ್ನು ಅವಳ ಕಡೆ ಸರಿಸಿದ. "ಪರಾಗದಲ್ಲಿ ದೋಷ ಇರಲಿಲ್ಲ ಅಂತ ಒಂದು ಸಾಲು. ಸಹಿ ಹಾಕಿ ಹೋಗಿ."

ಲ್ಯಾಬಕ್ಕ ಹಾಳೆ ಓದಿದಳು. ಅವಳಿಗೆ ಭಯವಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ಕೋಪ ಭಯಕ್ಕಿಂತ ಒಂದು ಮೆಟ್ಟಿಲು ಮೇಲೆ ನಿಂತಿತ್ತು. ಅದರಲ್ಲಿ ಅರ್ಧ ಅವನ ಮೇಲೆ, ಅರ್ಧ ತನ್ನ ಮೇಲೆ.

"ಏಳು ಸಲ ತಪ್ಪು ಸಹಿ ಹಾಕಿದ್ದೀನಿ ಸಾರ್, ಗೊತ್ತಿಲ್ಲದೆ. ಗೊತ್ತಿದ್ದೂ ಎಂಟನೇದು ಹಾಕಲ್ಲ."

"ಹಾಗಾದರೆ ಲ್ಯಾಬಿನ ಬೀಗದ ಕೈ ಇಲ್ಲಿಡಿ. ನಾಳೆ ರಜೆ ತಗೊಳ್ಳಿ. ಸುಸ್ತಾಗಿದ್ದೀರಿ."

ಅವಳು ಬೀಗದ ಕೈಯನ್ನು ಹಾಳೆಯ ಮೇಲಿಟ್ಟು ಎದ್ದಳು. ಬಾಗಿಲ ಹತ್ತಿರ ತಿರುಗಿ, "ರಜೆ ಬೇಕಾದಾಗ ನಾನೇ ಕೇಳ್ತೀನಿ," ಎಂದಳು.

ಸಂಜೆ ಮನೆಯಲ್ಲಿ ಗಂಡನಿಗೆ ಎಲ್ಲ ಹೇಳಿದಳು. ಅವನು ಮೂವತ್ತು ವರ್ಷ ಬಸ್ ಕಂಡಕ್ಟರನಾಗಿ ದುಡಿದು ನಿವೃತ್ತನಾದವನು. ಈಗಲೂ ಅಡುಗೆಮನೆಯಲ್ಲಿ ಇಬ್ಬರು ನಿಂತರೆ "ಮುಂದೆ ಸರೀರಿ, ಮುಂದೆ ಜಾಗ ಇದೆ" ಎನ್ನುತ್ತಿದ್ದ. ಟೊಮೆಟೊ ವಿಷಯ ಅವನಿಗೆ ಸಾರಿನಿಂದಾಚೆ ತಿಳಿಯದು. ತಂಗಿಯ ಕೆಲಸ ಹೋಗುತ್ತದೆ ಎಂಬುದು ತಿಳಿಯಿತು, ಹೆಂಡತಿಯದೂ ಹೋಗಬಹುದು ಎಂಬುದೂ ತಿಳಿಯಿತು.

"ನೀನು ಸುಮ್ಮನಿದ್ದರೆ?" ಎಂದ.

"ನಿಮ್ಮ ತಂಗಿ ಮನೆಗೆ ಹೋಗ್ತಾಳೆ. ನಾನು ಕುರ್ಚಿಯಲ್ಲಿ ಇರ್ತೀನಿ."

"ಸುಮ್ಮನಿರದಿದ್ದರೆ?"

"ಇಬ್ಬರೂ ಹೋಗಬಹುದು."

ಅವನು ಗಲ್ಲ ಕೆರೆದುಕೊಂಡ. "ಕೆಲಸ ಇಲ್ಲದೆ ಅವಳೂ ಇಲ್ಲಿಗೇ ಬಂದು ಇಬ್ಬರೂ ಇಡೀ ದಿನ ಕೂತರೆ ನಾನು ಎಲ್ಲಿಗೆ ಹೋಗಲಿ? ಗೆದ್ದುಕೊಂಡು ಬಾ ಮಾರಾಯ್ತಿ," ಎಂದು ಎದ್ದು ತಂಗಿಗೆ ಫೋನು ಹಚ್ಚಿ ಹೆಂಡತಿಯ ಕೈಗೆ ಕೊಟ್ಟ.

ಅತ್ತಿಗೆ ನಾದಿನಿ ಫೋನಿನಲ್ಲಿ ಸೌಖ್ಯ ಕೇಳಲಿಲ್ಲ. "ದಿನಾ ಮಿಕ್ಕ ಪುಡಿ ಶೀಶೆ ಏನು ಮಾಡ್ತೀಯ?" ಎಂದು ಕೇಳಿದಳು ಅತ್ತಿಗೆ. ಕೊಟ್ಟ ಶೀಶೆಗಳಲ್ಲಿ ತಳದಲ್ಲಿ ಉಳಿದದ್ದನ್ನು ಎಸೆಯಬೇಕೆಂದು ನಿಯಮ. ನಾದಿನಿ ಈರುಳ್ಳಿ ಸಿಪ್ಪೆ ಎಸೆಯುವ ಮುಂಚೆಯೂ ಎರಡು ಸಲ ಯೋಚಿಸುವವಳು.

"ಕ್ಯಾಂಟೀನಿನ ಫ್ರಿಜ್ಜಲ್ಲಿ, ಹಾಲಿನ ಹಿಂದೆ, ಡಬ್ಬಿಯಲ್ಲಿದೆ. ತಾರೀಕು ಚೀಟಿ ಸಮೇತ. ಯಾಕೆ, ಅದಕ್ಕೂ ದೂರು ಕೊಡ್ತೀರಾ?"

"ಇಲ್ಲ ಕಣೇ. ನಿನ್ನ ಜಿಪುಣತನಕ್ಕೆ ಮೊದಲ ಸಲ ಕೈ ಮುಗೀಬೇಕು ಅನಿಸ್ತಿದೆ."

*

ಗುರುವಾರ ಬೆಳಿಗ್ಗೆ ಏಳಕ್ಕೆ ಹೆಂಗಸರ ಊಟದ ಕೋಣೆಯಲ್ಲಿ ಸಭೆ ಸೇರಿದಂತಾಯಿತು. ಸ್ಟೋರಿನ ಮೂಲೆಯಲ್ಲಿ ಬಿದ್ದಿದ್ದ, ಬೆಳಕಿಗೆ ಕನ್ನಡಿ ತಿರುಗಿಸುವ ಹಳೆಯ ಮೈಕ್ರೋಸ್ಕೋಪನ್ನು ಫಿಟ್ಟರ್ ಎಣ್ಣೆ ಹಾಕಿ ತಂದಿಟ್ಟು ಹೋಗಿದ್ದ. ಲ್ಯಾಬಿನ ಔಷಧಿಗಳೆಲ್ಲ ಬೀಗದೊಳಗೆ. ಲ್ಯಾಬಕ್ಕ ಟೀ ಡಬ್ಬಿಯ ಪಕ್ಕದ ಸಕ್ಕರೆ ತೆಗೆದುಕೊಂಡಳು. ಪರಾಗಕ್ಕೆ ಚೂರು ಸುಣ್ಣದ ಅಂಶ ಬೇಕು. ಕೆಟಲಿನ ತಳದಲ್ಲಿ ಬಿಳಿ ಪದರ ಕಟ್ಟಿಸುವ ಆ ಗಡಸು ನೀರಿನಲ್ಲಿ ಅದು ಇದ್ದೇ ಇತ್ತು. ಇನ್ನು ಒಂದು ಬೇಕು, ಬೋರಿಕ್ ಪುಡಿ. ಅದಿಲ್ಲದಿದ್ದರೆ ನಳಿಗೆಗಳು ಹೊರಬರುತ್ತಲೇ ಒಡೆಯುತ್ತವೆ. ಕ್ಯಾಂಟೀನಿನ ಸಿಂಕಿನ ಕೆಳಗೆ ಅದರ ಪೊಟ್ಟಣ ಸಿಕ್ಕಿತು.

"ಅಯ್ಯೋ ಅದು ಜಿರಲೆಗೆ ಹಾಕೋದು!" ಎಂದಳೊಬ್ಬಳು. "ಜಿರಲೆ ಸಾಯೋ ಪುಡಿಯಲ್ಲಿ ಹೂವಿನ ಪುಡಿ ಬದುಕುತ್ತಾ ಲ್ಯಾಬಕ್ಕ?"

"ಸೂಜಿ ಮೊನೆಯಷ್ಟು ಹಾಕಿದರೆ ಬದುಕುತ್ತೆ. ಚಮಚ ಹಾಕಿದರೆ ನಾನೂ ಬದುಕಲ್ಲ."

ಒಂಬತ್ತು ಗಂಟೆಗೆ ಹನಿಗಳನ್ನಿಟ್ಟು, ತಟ್ಟೆ ಮುಚ್ಚಿ, ಅದರ ಮೇಲೆ ಒದ್ದೆ ಬಟ್ಟೆ ಹೊದಿಸಿದಳು. ಹನ್ನೊಂದಕ್ಕೆ ತೆಗೆದು ನೋಡಿ ತಲೆ ಎತ್ತಿದಾಗ, ಮೂವತ್ತೊಂದು ಮುಖಗಳೂ ಅವಳನ್ನೇ ನೋಡುತ್ತಿದ್ದವು. ಒಬ್ಬೊಬ್ಬರಾಗಿ ಬಂದು ಕಣ್ಣಿಟ್ಟು ನೋಡಿದರು. ವರ್ಷಗಟ್ಟಲೆ ಬೆರಳ ತುದಿಯಲ್ಲಿ ಹೊತ್ತು ತಿರುಗಿದ ಪುಡಿ ಒಳಗೆ ಹೀಗೆ ಬೆಳೆಯುತ್ತದೆ ಎಂದು ಅವರಿಗೆ ಯಾರೂ ತೋರಿಸಿರಲಿಲ್ಲ. ಕೊನೆಯಲ್ಲಿ ನೋಡಿದವಳು ನಾದಿನಿ. ಬಹಳ ಹೊತ್ತು ನೋಡಿದಳು.

"ಗಂಡಿನ ಕಡೆಯವರದ್ದು ತಪ್ಪು, ಬೈಸಿಕೊಂಡಿದ್ದು ಹೆಣ್ಣಿನ ಕಡೆಯವರು," ಎಂದಳು. ಇಡೀ ಕೋಣೆ ಗೊಳ್ಳೆಂದಿತು. ತಟ್ಟೆಯನ್ನು ಅವಳೇ ಎತ್ತಿಕೊಂಡಳು. "ನಡೀರಿ ಅತ್ತಿಗೆ."

ಆಫೀಸಿನಲ್ಲಿ ಉದ್ದ ಮೇಜು. ಹೆಡ್ ಆಫೀಸಿನಿಂದ ಬಂದ ಮೇಡಮ್ಮು ನರೆಗೂದಲಿನ, ಕಡಿಮೆ ಮಾತಿನ ಹೆಂಗಸು. ಮ್ಯಾನೇಜರ್ ಮೂವತ್ತೊಂದು ಹೆಸರಿನ ಪಟ್ಟಿ ಓದುತ್ತಿದ್ದ. ಅತ್ತಿಗೆ ಮೈಕ್ರೋಸ್ಕೋಪ್ ಹಿಡಿದು, ನಾದಿನಿ ತಟ್ಟೆ ಹಿಡಿದು ಕೇಳದೆಯೇ ಒಳಗೆ ಬಂದದ್ದನ್ನು ನೋಡಿ ಅವನ ದನಿ ಹನ್ನೆರಡನೆಯ ಹೆಸರಿನಲ್ಲಿ ನಿಂತಿತು.

"ಇವರು ಇವತ್ತು ರಜೆಯಲ್ಲಿದ್ದಾರೆ," ಎಂದ.

"ಇಲ್ಲ ಮೇಡಂ, ಕೆಲಸದಲ್ಲೇ ಇದ್ದೀನಿ," ಎಂದು ಲ್ಯಾಬಕ್ಕ ಕಿಟಕಿಯ ಬೆಳಕಿಗೆ ಕನ್ನಡಿ ತಿರುಗಿಸಿದಳು. "ಎರಡು ಹನಿ ನೋಡಿ. ಆಮೇಲೆ ಪಟ್ಟಿ ಓದಿಸಿ."

ಮೇಡಮ್ಮು ಕನ್ನಡಕ ತೆಗೆದಿಟ್ಟು ಬಗ್ಗಿ ನೋಡಿದಳು. ಗಾಜಿನ ಪಟ್ಟಿ ಬದಲಿಸಿದಾಗ ಮತ್ತೆ ನೋಡಿದಳು.

"ಮೊದಲನೇದು ಬೆಳೆದಿದೆ. ಎರಡನೇದು ಬೆಳೆದಿಲ್ಲ. ಎರಡನೇದು ಹಳೇದಾ?"

"ಮೊದಲನೇದೇ ಹಳೇದು. ಮೂವತ್ತನೇ ತಾರೀಕಿನದು. ಬೆಳೆಯದೇ ಇರೋದು ಆರನೇ ತಾರೀಕಿನದು, ಒಂದು ವಾರ ಹೊಸದು. ಎರಡೂ ಒಂದೇ ಫ್ರಿಜ್ಜಲ್ಲಿ, ಒಂದೇ ಡಬ್ಬಿಯಲ್ಲಿ ಇದ್ದವು. ಇಟ್ಟು ಕೆಟ್ಟಿದ್ದಲ್ಲ ಮೇಡಂ. ಹುಟ್ಟುವಾಗಲೇ ಹಸಿದುಕೊಂಡು ಬಂದದ್ದು."

"ಹಸಿದುಕೊಂಡು ಅಂದರೆ?"

ಲ್ಯಾಬಕ್ಕ ಮೇಜಿನ ಮೇಲಿದ್ದ ನೀರಿನ ಲೋಟವನ್ನು ಪಕ್ಕಕ್ಕೆ ಸರಿಸಿ, ಒಂದು ಹೂವನ್ನಿಟ್ಟು ಉಗುರಿನಿಂದ ಅದರ ನಡುಗಡ್ಡಿ ತೋರಿಸಿದಳು. "ಪುಡಿ ಬೀಳೋದು ಈ ತುದಿಗೆ. ಬೀಜ ಆಗೋ ಜಾಗ ಈ ಬುಡದಲ್ಲಿ. ನಡುವೆ ಇಷ್ಟು ದಾರಿ. ಆ ಕಣದ ಅಳತೆಗೆ ಇದು ಮುನ್ನೂರು ಪಟ್ಟು ದೂರ. ಅಷ್ಟು ಉದ್ದ ನಳಿಗೆ ಬೆಳೆಸಿಕೊಂಡು ಇಳೀಬೇಕು. ಅರ್ಧ ದಾರಿಯಲ್ಲಿ ಕಡ್ಡಿಯೇ ಅದಕ್ಕೆ ಊಟ ಹಾಕುತ್ತೆ. ಆದರೆ ಹೊರಡೋದು ಮಾತ್ರ ತನ್ನ ಬುತ್ತಿಯಲ್ಲೇ. ಮೊಗ್ಗಿನಲ್ಲಿದ್ದಾಗ ಗಿಡ ಕಟ್ಟಿಕೊಟ್ಟ ಬುತ್ತಿ. ಪಿಷ್ಟ, ಸಕ್ಕರೆ, ಚೂರು ಎಣ್ಣೆ. ಬುತ್ತಿ ಖಾಲಿ ಇದ್ದರೆ ಬಾಗಿಲು ದಾಟೋಕೂ ಆಗಲ್ಲ."

"ನಿಮ್ಮ ಹನಿಯಲ್ಲೇ ಸಕ್ಕರೆ ಇದೆಯಲ್ಲ. ಅದನ್ನ ತಿಂದು ಬೆಳೀಬಹುದಿತ್ತು."

ಒಳ್ಳೆಯ ಪ್ರಶ್ನೆ. ಲ್ಯಾಬಕ್ಕನಿಗೆ ಆ ಹೆಂಗಸಿನ ಮೇಲೆ ಮೊದಲ ಬಾರಿಗೆ ಗೌರವ ಬಂತು. "ತಿನ್ನೋಕೆ ಬಾಯಿ ತೆರೀಬೇಕಲ್ಲ ಮೇಡಂ. ಬಾಯಿ ತೆರೆಯೋ ಶಕ್ತಿ ಒಳಗಿನದೇ ಆಗಬೇಕು."

"ಇದು ಅಡುಗೆಮನೆ ಆಟ," ಎಂದ ಮ್ಯಾನೇಜರ್. ನಗು ಇನ್ನೂ ಮುಖದಲ್ಲಿತ್ತು, ಆದರೆ ಒಂದು ಕಡೆ ವಾಲಿತ್ತು. "ಸಕ್ಕರೆ ನೀರು, ಜಿರಲೆ ಪುಡಿ! ಲ್ಯಾಬಿನ ಅಧಿಕೃತ ಪರೀಕ್ಷೆಯಲ್ಲಿ ಏಳೂ ದಿನ ಪರಾಗ ಪಾಸಾಗಿದೆ. ಅದಕ್ಕೆ ಸಹಿ ಹಾಕಿದೋರು ಇವರೇ."

ಅವನು ಹಾಳೆಗಳನ್ನು ಮುಂದಿಟ್ಟ. ನಾದಿನಿಗೆ ಇದು ಗೊತ್ತಿರಲಿಲ್ಲ. ಅವಳು ಹಾಳೆಗಳನ್ನೂ ಅತ್ತಿಗೆಯ ಮುಖವನ್ನೂ ನೋಡಿದಳು.

"ಹೌದು," ಎಂದಳು ಲ್ಯಾಬಕ್ಕ. "ಏಳೂ ನನ್ನವೇ. ಆ ಬಣ್ಣ, ಕಣದ ಒಳಗೆ ತಿರುಳು ಇದೆಯಾ ಇಲ್ಲವಾ ಅಷ್ಟೇ ಹೇಳುತ್ತೆ. ಬೆಳೆಯೋ ಕಸುವು ಇದೆಯಾ ಅಂತ ಹೇಳಲ್ಲ. ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ ಐದು ನಿಮಿಷದ ಕೆಲಸ ಸುಲಭ ಅಂತ ಆರು ವರ್ಷ ಸುಮ್ಮನಿದ್ದೆ. ಶಿಕ್ಷೆ ಕೊಡೋದಿದ್ದರೆ ನನಗೆ ಕೊಡಿ. ಆದರೆ ಈ ಹೆಂಗಸರ ಕೈ ತಪ್ಪು ಅಂತ ಯಾರೇ ಬರೆದರೂ ನಾನು ಈ ಕೋಣೆ ಬಿಟ್ಟು ಹೋಗಲ್ಲ. ಎತ್ತಿ ಹೊರಗೆ ಹಾಕಬೇಕಾಗುತ್ತೆ. ನಾನು ಹಗುರ ಏನಿಲ್ಲ."

ಮೇಡಮ್ಮು ಹಾಳೆಗಳನ್ನು ಒಂದೊಂದಾಗಿ ತಿರುವಿದಳು.

"ಅಡುಗೆಮನೆ ಬೇಡ ಅಂದರೆ ಲ್ಯಾಬಿನ ಬೀಗ ತೆಗೆಸಿ," ಎಂದಳು ಮ್ಯಾನೇಜರನಿಗೆ. "ಅಲ್ಲೇ ಇನ್ನೊಂದು ಸಲ ಮಾಡಲಿ. ನನ್ನ ಕಣ್ಣೆದುರಿಗೆ. ನಾನು ಕಾಯ್ತೀನಿ."

ಎರಡು ಗಂಟೆ ಅವಳು ಲ್ಯಾಬಿನ ಸ್ಟೂಲಿನ ಮೇಲೆ ಕದಲದೆ ಕೂತಳು. ಕಾಯುವಾಗ ಸ್ಪಿರಿಟ್ ಬಾಟಲಿಗಳ ಮೊಗ್ಗುಗಳಿಗೆ ತಾನೇ ಅಯೋಡಿನ್ ಹಾಕಿ, ಕಪ್ಪನ್ನೂ ತಿಳಿ ಬಣ್ಣವನ್ನೂ ನೋಡಿದಳು. ದಿನಗಳನ್ನು ಹಿಂದಕ್ಕೆ ಎಣಿಸಿದಳು. ಗಂಡಿನ ಮನೆಯ ಉಷ್ಣತೆಯ ಪಟ್ಟಿ ಕೇಳಿದಳು. ಆ ವಾರದ ಹಾಳೆ ಮಾತ್ರ ಕಳೆದುಹೋಗಿದೆ ಎಂದ ಮ್ಯಾನೇಜರ್. ಫಿಟ್ಟರನನ್ನು ಕರೆಸಿದಳು. ಅವನು ಬಂದು ಬಾಗಿಲಲ್ಲಿ ನಿಂತು ಮ್ಯಾನೇಜರನನ್ನು ನೋಡಿದ, ಲ್ಯಾಬಕ್ಕನನ್ನು ನೋಡಿದ, ಟೋಪಿ ತೆಗೆದು ಕೈಯಲ್ಲಿ ಹಿಡಿದ.

"ಏಳು ದಿನ ನಿಂತಿತ್ತು ಮೇಡಂ," ಎಂದ. "ಬಿಡಿ ಮೋಟಾರು ಈ ಸಾಹೇಬರ ಕೋಣೆಯಲ್ಲಿದೆ. ಬೇಕಿದ್ದರೆ ಬಿಚ್ಚಿ ನಂಬರು ತೋರಿಸ್ತೀನಿ."

ಹನಿಗಳು ಬೆಳಿಗ್ಗೆ ಹೇಳಿದ್ದನ್ನೇ ಮತ್ತೆ ಹೇಳಿದವು.

ಹೆಸರಿನ ಪಟ್ಟಿಯನ್ನು ಮೇಡಮ್ಮು ಎರಡಾಗಿ ಮಡಚಿ ಚೀಲಕ್ಕೆ ಹಾಕಿಕೊಂಡು ಹೋದಳು. ಹೆಂಗಸರಲ್ಲಿ ಒಬ್ಬಳೂ ಕೆಲಸ ಕಳೆದುಕೊಳ್ಳಲಿಲ್ಲ. ಮ್ಯಾನೇಜರನನ್ನು ತಿಂಗಳೊಳಗೆ ಹೆಡ್ ಆಫೀಸಿಗೆ ವರ್ಗ ಮಾಡಿದರು; ಅಲ್ಲಿ ಅವನಿಗೆ ಇದಕ್ಕಿಂತ ತಂಪಾದ ಕೋಣೆ ಸಿಕ್ಕಿತೆಂದು ಸುದ್ದಿ. ಲ್ಯಾಬಕ್ಕನಿಗೆ ತಪ್ಪು ಸಹಿಗಾಗಿ ಹದಿನೈದು ದಿನ ಅಮಾನತು. ಅದು ತನಗೆ ಸಲ್ಲಬೇಕಾದದ್ದೇ ಎಂದು ಮನೆಗೆ ಹೋಗಿ, ಅಟ್ಟ ಗುಡಿಸತೊಡಗಿದಳು.

ಅಟ್ಟ ಗುಡಿಸಿ ಮುಗಿಯಲಿಲ್ಲ. ಅಮಾನತಿನ ಮೊದಲ ಬೆಳಿಗ್ಗೆ ಪರಾಗದ ಶೀಶೆಗಳು ಹೆಣ್ಣಿನ ಮನೆಗೆ ಬಂದಾಗ ನಾದಿನಿ ಕೇಳಿದಳು, "ಹನಿ ಹಾಕಿ ನೋಡಿದೋರು ಯಾರು?" ಬಣ್ಣ ಹಾಕಿ ನೋಡಿದ್ದೇವೆ ಎಂಬ ಉತ್ತರ ಬಂತು. ಮೂವತ್ತೊಂದು ಹೆಂಗಸರು ಉಂಗುರ ಕಳಚಿ ಏಪ್ರನ್ನಿನ ಜೇಬಿಗೆ ಹಾಕಿಕೊಂಡು ಗಿಡಗಳ ಸಾಲಿನ ನಡುವೆ ನಿಂತರು. ಕೂರಲಿಲ್ಲ, ಕೂಗಲಿಲ್ಲ, ಮನೆಗೂ ಹೋಗಲಿಲ್ಲ. ಸುಮ್ಮನೆ ನಿಂತರು. ನಾಳೆ ಕಾಯಿ ಕಚ್ಚದಿದ್ದರೆ ನಮ್ಮ ಕೈಯನ್ನೇ ಬೈತೀರಿ, ಆದ್ದರಿಂದ ನೋಡಿದ ಪುಡಿ ಕೊಡಿ, ಮುಟ್ಟಿಸ್ತೀವಿ ಎಂದರು. ಅರಳಿದ ಹೂವು ಯಾರ ಆದೇಶಕ್ಕೂ ಕಾಯುವುದಿಲ್ಲ. ಎರಡು ದಿನದ ಹೂವು ಗಿಡದಲ್ಲೇ ಬಾಡಿತು. ಮೂರನೆಯ ದಿನ ಹೆಡ್ ಆಫೀಸಿನಿಂದ ಲ್ಯಾಬಕ್ಕನ ಮನೆಗೆ ಫೋನು ಬಂತು. ಅಮಾನತಿನ ಉಳಿದ ದಿನಗಳನ್ನು ಮಳೆಗಾಲದಲ್ಲಿ ಅನುಭವಿಸಿದರೆ ಆದೀತೇ ಎಂದು ಕೇಳಿದರಂತೆ. ಗಂಡ ಆ ಮಾತನ್ನು ಸಿಕ್ಕವರಿಗೆಲ್ಲ ಹೇಳಿ ನಕ್ಕ.

ಎರಡು ತಿಂಗಳ ನಂತರ ಬಿಸಿಲು ಏರಿತು. ಫ್ಯಾನುಗಳೆಲ್ಲ ತಿರುಗುತ್ತಿದ್ದರೂ ಗಂಡಿನ ಮನೆ ಬೆಂಕಿಪೆಟ್ಟಿಗೆಯಾಯಿತು. ಹತ್ತು ದಿನದ ಮೇಲೆ ಬಂದ ಪರಾಗ ಹನಿಯಲ್ಲಿ ನೂರಕ್ಕೆ ಹದಿನೈದೂ ಮೊಳೆಯಲಿಲ್ಲ. ಹೊಸ ಮ್ಯಾನೇಜರ್ ತರುಣ, ಒಳ್ಳೆಯವನು, ಮೇಲಿನವರಿಗೆ ಹೆದರುವವನು. ಲ್ಯಾಬಿನ ಬಾಗಿಲಲ್ಲಿ ನಿಂತು ಕೈ ಹೊಸಕಿಕೊಂಡ.

"ಬಣ್ಣ ಹಿಡಿದಿದೆಯಲ್ಲಮ್ಮ. ಇವತ್ತೊಂದು ದಿನ ಪಾಸು ಮಾಡಿ. ನಾಳೆಯಿಂದ ನೋಡೋಣ. ಇಡೀ ದಿನದ ಪುಡಿ, ಇಡೀ ದಿನದ ಕೆಲಸ. ಮೇಲಿನೋರಿಗೆ ನಾನು ಏನಂತ ಹೇಳಲಿ?"

"ಪುಡಿ ಹಸಿದಿದೆ ಅಂತ ಹೇಳಿ."

"ಅವರು ಒಪ್ಪಲಿಲ್ಲ ಅಂದರೆ?"

"ಕರೆಸಿ. ಸ್ಟೂಲು ಇದೆ, ಎರಡು ಗಂಟೆ ಕೂರಿಸ್ತೀನಿ."

ಲ್ಯಾಬಕ್ಕ ಶೀಶೆಗಳ ಮುಚ್ಚಳ ಒಂದೊಂದಾಗಿ ಬಿಚ್ಚಿ, ಅವನು ನೋಡುತ್ತಿರುವಂತೆಯೇ ಹಳದಿ ಪುಡಿಯನ್ನೆಲ್ಲ ಸಿಂಕಿಗೆ ಸುರಿದು ನಲ್ಲಿ ಬಿಟ್ಟಳು. ಆಮೇಲೆ ಕಿಟಕಿ ತೆರೆದು ಹೆಣ್ಣಿನ ಮನೆಯ ಕಡೆ ಕೂಗಿದಳು:

"ಇವತ್ತು ಪುಡಿ ಇಲ್ಲ ಕಣ್ರೇ! ಮೊಗ್ಗಿನ ಕೆಲಸ ನೋಡಿಕೊಳ್ಳಿ!"

"ಕೇಳಿಸ್ತು ಅತ್ತಿಗೆ," ಎಂದು ಗಿಡಗಳ ನಡುವಿನಿಂದ ಜೋರು ಬಾಯಿ ಉತ್ತರ ಕೊಟ್ಟಿತು. "ಕಿವಿ ಇನ್ನೂ ಇದೆ, ಅಷ್ಟು ಕಿರುಚಬೇಡಿ!"